ವಿದೂಷಕನ ಮನೆಮಾತು



ಕಳೆದ ಬೇಸಗೆಯ ಒಂದು ಬೆಳಗ್ಗೆ ಶಂಕರಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಮಲ್ಲಿಗೆಯ ಊರು ಅದು. ಮುಂಜಾವದಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಪೇಟೆಗೆ ಮುಟ್ಟಿಸಬೇಕಾದ ಧಾವಂತ ಅಲ್ಲಿನ ಮನೆಮನೆಯಲ್ಲೂ ಇರುತ್ತದೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಚಾವಡಿಯಲ್ಲಿ ಅಕ್ಕ, ಅವಳ ಸೊಸೆ, ನೆರೆಮನೆಯ ಇಬ್ಬರು ಹೆಂಗಸರು ಹೂ ಕಟ್ಟುತ್ತ ಕುಳಿತಿದ್ದರು. ಎದುರಿಗೆ ಗೋಡೆಗೊರಗಿಸಿದ ಮೊಬೈಲಿನಲ್ಲಿ ಒಂದು ಮಲಯಾಳ ಚಿತ್ರ ಓಡುತ್ತಿತ್ತು. ನಾಲ್ವರಲ್ಲಿ ಯಾರಿಗೂ ಮಲಯಾಳ ಬಾರದು. ಆದರೂ ಎಲ್ಲರೂ ನಗುತ್ತಿದ್ದರು. ಪರದೆಯ ಮೇಲೆ ಒಂದು ನ್ಯಾಯಾಲಯ. ಪೀಠದಲ್ಲಿ ಕುಳಿತಿದ್ದ ನ್ಯಾಯಾಧೀಶರು ಒಂದಿಷ್ಟೂ ನಗದೆ ಏನನ್ನೋ ಕೇಳುತ್ತಿದ್ದರು.

“ಭಾಷೆ ಬಾರದೆ ನಗುವುದು ಹೇಗೆ ಅಕ್ಕಾ?” ಎಂದೆ. ಅವಳು ಮೊಗ್ಗಿನಿಂದ ಕಣ್ಣೆತ್ತದೆ, “ಭಾಷೆ ಯಾಕೆ ಮಾರಾಯಾ? ಆ ಜಡ್ಜರ ಮುಖ ನೋಡು. ನಮ್ಮ ಶಾಲೆಯ ಹೆಡ್ಮಾಷ್ಟ್ರ ಹಾಗೆಯೇ ಇಲ್ಲವಾ?” ಎಂದಳು.

ಅಕ್ಕನಿಗೆ ತಿಳಿಯದ ಸಂಗತಿಯೊಂದು ನನಗೆ ತಿಳಿದಿತ್ತು. ಆ ಚಿತ್ರ 2022ರಲ್ಲಿ ತೆರೆಕಂಡ ‘ನ್ನಾ ತಾನ್ ಕೇಸ್ ಕೊಡ್’. ನ್ಯಾಯಾಧೀಶರ ಪಾತ್ರ ವಹಿಸಿದ ಪಿ. ಪಿ. ಕುಞಿಕೃಷ್ಣನ್ ಅವರು ಕಾಸರಗೋಡು ಜಿಲ್ಲೆಯವರು, ನಿವೃತ್ತರಾದ ಶಾಲಾ ಅಧ್ಯಾಪಕರು. ಭಾಷೆ ಬಾರದ ನನ್ನ ಅಕ್ಕ ಪಾತ್ರದ ಹಿಂದಿದ್ದ ಮನುಷ್ಯನನ್ನು ಸರಿಯಾಗಿಯೇ ಗುರುತಿಸಿದ್ದಳು. ಇಂದಿನ ಮಲಯಾಳ ಹಾಸ್ಯಚಿತ್ರಗಳು ನಮ್ಮನ್ನು ನಗಿಸುವುದು ಏತರಿಂದ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯನ್ನು ಹೊಕ್ಕಿತು. ಅದಕ್ಕೆ ನಾನು ಕಂಡುಕೊಂಡ ಉತ್ತರವನ್ನು ಈ ಹೊತ್ತು ತಮ್ಮ ಮುಂದಿಡಲು ಬಯಸುತ್ತೇನೆ. ಆ ಉತ್ತರಕ್ಕಾಗಿ ತುಸು ಹಿಂದಕ್ಕೆ ಹೋಗಬೇಕಾಗುತ್ತದೆ.

ಸಂಸ್ಕೃತ ನಾಟಕಗಳನ್ನು ಓದಿದವರಿಗೆಲ್ಲ ತಿಳಿದಿರುವಂತೆ, ಅಲ್ಲಿ ರಾಜನು ಸಂಸ್ಕೃತದಲ್ಲಿ ಮಾತಾಡುತ್ತಾನೆ. ಅವನ ಗೆಳೆಯನೂ ಬ್ರಾಹ್ಮಣನೂ ಆದ ವಿದೂಷಕನು ಪ್ರಾಕೃತದಲ್ಲಿ ಮಾತಾಡುತ್ತಾನೆ. ದುಷ್ಯಂತನು ಶಕುಂತಲೆಯ ಧ್ಯಾನದಲ್ಲಿ ಮೈಮರೆತಿರುವಾಗ ಮಾಢವ್ಯನಿಗೆ ಬೇಟೆಯ ಸುತ್ತಾಟದಿಂದ ಮೈಕೈ ನೋವು. ಅರಸನ ಭಾಷೆ ಆಕಾಶದಲ್ಲಿದ್ದರೆ ವಿದೂಷಕನ ಭಾಷೆ ನೆಲದ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ನಮ್ಮ ದೇಶದ ರಂಗಭೂಮಿಯಲ್ಲಿ ನಗೆಯು ಒಳಗೆ ಬಂದದ್ದು ಜನರಾಡುವ ಮಾತಿನ ಬಾಗಿಲಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಬಾಗಿಲನ್ನು ಕೇರಳದವರು ಬೇರೆಲ್ಲರಿಗಿಂತ ಅಗಲವಾಗಿ ತೆರೆದರು. ಅಲ್ಲಿನ ಕೂಡಿಯಾಟ್ಟದಲ್ಲಿ ನಾಯಕನು ಸಂಸ್ಕೃತ ಶ್ಲೋಕವನ್ನು ಹೇಳಿದರೆ ವಿದೂಷಕನು ಅದನ್ನು ಮಲಯಾಳದಲ್ಲಿ ವಿಸ್ತರಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ನಾಯಕನ ಪ್ರೇಮಶ್ಲೋಕಕ್ಕೆ ಅದೇ ಛಂದಸ್ಸಿನಲ್ಲಿ ಒಂದು ಅಣಕುಶ್ಲೋಕವನ್ನು ಹೊಸೆಯುತ್ತಾನೆ. ಈ ಪದ್ಧತಿಯನ್ನು ಅರಸ ಕುಲಶೇಖರವರ್ಮನೂ ಅವನ ಮಂತ್ರಿಯಾದ ತೋಲನೂ ಬಳಕೆಗೆ ತಂದರೆಂದು ಪರಂಪರೆಯ ನಂಬಿಕೆ. ವಿದೂಷಕನು ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಪುರುಷಾರ್ಥಗಳನ್ನೂ ಬಿಡುವುದಿಲ್ಲ. ಇವೆಲ್ಲ ದೊಡ್ಡವರಿಗೆ ಇರಲಿ, ನಮ್ಮಂಥವರ ಪುರುಷಾರ್ಥಗಳು ಬೇರೆ ನಾಲ್ಕು ಎಂದು ಅವನು ಸಾರುತ್ತಾನೆ: ಅಶನ, ರಾಜಸೇವೆ, ವಿನೋದ, ವಂಚನೆ. ಅಂದರೆ ಊಟ, ಅಧಿಕಾರಸ್ಥರ ಓಲೈಕೆ, ಹೆಣ್ಣಿನ ಸಂಗ ಮತ್ತು ಮೋಸ. ಇವುಗಳ ವಿವರಣೆಗೆ ದಿನಗಟ್ಟಲೆ ಹಿಡಿಯುವುದುಂಟು. ವಿದೂಷಕನ ಬಾಯಲ್ಲಿ ಸಭೆಯಲ್ಲಿದ್ದ ಯಾರು ಸಿಕ್ಕಿಬಿದ್ದರೂ, ಅರಸನೇ ಆದರೂ, ಎದುರಾಡುವ ಹಾಗಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಕುಂಚನ್ ನಂಬಿಯಾರರು ಈ ನಗೆಯನ್ನು ದೇವಾಲಯದ ಕೂತ್ತಂಬಲದಿಂದ ಹೊರಗೆ ತಂದರು. ಚಾಕ್ಯಾರನ ಕೂತ್ತಿಗೆ ಮಿಳಾವು ಬಾರಿಸುತ್ತಿದ್ದ ಅವರು ಒಮ್ಮೆ ತೂಕಡಿಸಿದರಂತೆ. ಚಾಕ್ಯಾರನು ತುಂಬಿದ ಸಭೆಯಲ್ಲಿ ಅವರನ್ನು ಗೇಲಿಮಾಡಿದನಂತೆ. ಆ ಅವಮಾನಕ್ಕೆ ಉತ್ತರವಾಗಿ ಮರುದಿನವೇ ಓಟ್ಟನ್ ತುಳ್ಳಲನ್ನು ಕಟ್ಟಿ ಆಡಿದರಂತೆ. ಇದು ಐತಿಹ್ಯ. ಇದರಲ್ಲಿ ಒಂದು ಅರ್ಥವಿದೆ. ನಗೆಗೀಡಾದವನೇ ನಗಿಸುವವನಾದ ಕಥೆ ಇದು. ನಂಬಿಯಾರರ ತುಳ್ಳಲಿನಲ್ಲಿ ಪುರಾಣದ ಕಥೆಗಳೇ ಇದ್ದರೂ, ದೇವತೆಗಳ ನಡುವೆ ಕೇರಳದ ಹಳ್ಳಿಯ ನಾಯರ್, ವೈದ್ಯ, ಕರಣಿಕರು ತಿರುಗಾಡುತ್ತಾರೆ; ಅವರ ಮಾತು ಸಾಮಾನ್ಯರ ಮಲಯಾಳ.

ನಮ್ಮ ಕರಾವಳಿಯವರಿಗೆ ಇದೇನೂ ಅಪರಿಚಿತವಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ದೇವೇಂದ್ರನು ಗ್ರಾಂಥಿಕ ಕನ್ನಡದಲ್ಲಿ ತನ್ನ ವೈಭವವನ್ನು ಬಣ್ಣಿಸಿಕೊಂಡು ಕುಳಿತಿರುತ್ತಾನೆ. ಅಷ್ಟರಲ್ಲಿ ದೂತನು ಏದುಸಿರು ಬಿಡುತ್ತ ಓಡಿಬಂದು, ರಕ್ಕಸರು ಬಂದ ಸುದ್ದಿಯನ್ನು ಊರಿನ ಮಾತಿನಲ್ಲಿ ಹೇಳುತ್ತಾನೆ. ಇಂದ್ರನ ಪದವಿ ಅಲುಗಾಡುವ ಸತ್ಯ ಮೊದಲು ಬಾಯಿಗೆ ಬರುವುದು ಹಾಸ್ಯಗಾರನಿಗೆ. ತೆಂಕುತಿಟ್ಟಿನಲ್ಲಿ ಮಿಜಾರು ಅಣ್ಣಪ್ಪನವರನ್ನೂ ಬಡಗಿನಲ್ಲಿ ಕುಂಜಾಲು ರಾಮಕೃಷ್ಣರನ್ನೂ ನೋಡಿದ ಹಿರಿಯರು, ಅವರು ಪ್ರವೇಶಿಸಿದೊಡನೆ ನಿದ್ದೆಹೋದ ಮಕ್ಕಳೂ ಎದ್ದು ಕೂರುತ್ತಿದ್ದುದನ್ನು ಇಂದಿಗೂ ನೆನೆಯುತ್ತಾರೆ.

ಆದರೆ ಈ ಏರ್ಪಾಟಿನಲ್ಲಿ ಒಂದು ತೊಡಕಿತ್ತು. ಮನೆಮಾತಿಗೆ ರಂಗದ ಮೇಲೆ ಪ್ರವೇಶ ದೊರೆತದ್ದು ನಗೆಯ ವೇಷದಲ್ಲಿ ಮಾತ್ರ. ಅಳುವುದಕ್ಕೆ, ಪ್ರೀತಿಸುವುದಕ್ಕೆ, ಧರ್ಮವನ್ನು ವಿಚಾರಿಸುವುದಕ್ಕೆ ಬೇರೆ ಭಾಷೆ ಬೇಕಾಗಿತ್ತು. ಹಾಸ್ಯಗಾರನು ಎಷ್ಟೇ ದೊಡ್ಡ ಸತ್ಯ ಹೇಳಲಿ, ಅವನು ಹಾಸ್ಯಗಾರನೇ. ಅವನ ಮಾತನ್ನು ಆಡುವವರೆಲ್ಲರೂ ಕೇಳುವವರ ಮನಸ್ಸಿನಲ್ಲಿ ಸ್ವಲ್ಪಮಟ್ಟಿಗೆ ಹಾಸ್ಯಗಾರರೇ ಆಗಿಬಿಡುತ್ತಿದ್ದರು.

ಚಲನಚಿತ್ರವು ಈ ತೊಡಕನ್ನು ಹಾಗೆಯೇ ಬಳುವಳಿಯಾಗಿ ಪಡೆಯಿತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ ಬಂದುದು 1938ರಲ್ಲಿ. ಮುಂದಿನ ದಶಕಗಳಲ್ಲಿ ನಮ್ಮ ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶರಂತೆ ಅಲ್ಲಿ ಎಸ್. ಪಿ. ಪಿಳ್ಳೆ, ಬಹದೂರ್, ಅಡೂರ್ ಭಾಸಿ ಮೊದಲಾದವರು ಮೆರೆದರು. ಅವರ ಪ್ರತಿಭೆ ದೊಡ್ಡದು. ಆದರೂ ಕಥೆಯ ಭಾರ ನಾಯಕನ ಮೇಲೆ, ನಗೆಯ ಭಾರ ಇವರ ಮೇಲೆ ಎಂಬ ವಿಭಜನೆ ಇತ್ತು. ನಾಯಕನು ಶಿಷ್ಟಭಾಷೆಯಲ್ಲಿ ಮಾತಾಡುತ್ತಿದ್ದನು. ಪ್ರಾದೇಶಿಕ ಉಚ್ಚಾರ ಬಂತೆಂದರೆ ಅಡುಗೆಯವನೋ ಕಾವಲಿನವನೋ ಬಂದನೆಂದು ಅರ್ಥ.

1980ರ ದಶಕದಲ್ಲಿ ಈ ಗೋಡೆಯಲ್ಲಿ ಮೊದಲ ಬಿರುಕು ಕಾಣಿಸಿತು. ಓದಿದ ತರುಣರಿಗೆ ಕೆಲಸವಿಲ್ಲ. ನೆರೆಮನೆಯವನು ಗಲ್ಫಿಗೆ ಹೋಗಿ ಮನೆ ಕಟ್ಟಿಸಿದ್ದಾನೆ. ತಾನು ಪದವಿಯ ಪ್ರಮಾಣಪತ್ರವನ್ನು ಹಿಡಿದುಕೊಂಡು ಅಲೆಯುತ್ತಿದ್ದಾನೆ. ಕೇರಳದ ಈ ಪಾಡಿನಿಂದ ಸತ್ಯನ್ ಅಂತಿಕ್ಕಾಡರು ನಿರ್ದೇಶಿಸಿ, ಶ್ರೀನಿವಾಸನ್ ಚಿತ್ರಕಥೆ ಬರೆದು ನಟಿಸಿದ ‘ನಾಡೋಡಿಕ್ಕಾಟ್’ 1987ರಲ್ಲಿ ಹುಟ್ಟಿತು. ದಾಸ ಮತ್ತು ವಿಜಯ ಎಂಬ ಇಬ್ಬರು ಗೆಳೆಯರು ಇದ್ದ ಕೆಲಸ ಕಳೆದುಕೊಳ್ಳುತ್ತಾರೆ, ಹಾಲು ಮಾರಿ ಬದುಕುವೆವೆಂದು ಹಸು ಕೊಂಡು ಕೈಸುಟ್ಟುಕೊಳ್ಳುತ್ತಾರೆ, ದುಬೈಗೆ ಕಳಿಸುವೆನೆಂದವನ ದೋಣಿ ಹತ್ತುತ್ತಾರೆ. ಅರಬರ ನಿಲುವಂಗಿ ತೊಟ್ಟು ಅವರು ಇಳಿದದ್ದು ಮದರಾಸಿನ ಕಡಲತೀರದಲ್ಲಿ. ಅವರನ್ನು ಹಾಗೆ ಇಳಿಸಿ ಹೋದ ಗಫೂರನ ಪಾತ್ರದಲ್ಲಿ ಮಾಮುಕ್ಕೋಯ ಅವರು ತಮ್ಮ ಕೋಳಿಕ್ಕೋಡಿನ ಮಾಪಿಳ್ಳೆ ಮಾತನ್ನು ಒಂದಿಷ್ಟೂ ತಿದ್ದದೆ ಆಡಿದರು. ಈ ಚಿತ್ರದಲ್ಲಿ ನಾಯಕನೇ ನಗೆಪಾತ್ರ. ಅವನ ನಗೆಪಾಟಲಿಗೆ ಕಾರಣ ಅವನ ಮೂಗಿನ ಉದ್ದವಲ್ಲ, ಅವನ ನಿರುದ್ಯೋಗ. ಅದೇ ಜೋಡಿಯ ‘ಸಂದೇಶಂ’ 1991ರಲ್ಲಿ ಬಂದಿತು. ಎರಡು ಪಕ್ಷಗಳಿಗೆ ಸೇರಿದ ಅಣ್ಣತಮ್ಮಂದಿರು, ಅವರ ಕಾದಾಟವನ್ನು ನೋಡುತ್ತ ನಿವೃತ್ತಿಯ ದಿನಗಳನ್ನು ಕಳೆಯಬೇಕಾದ ತಂದೆ. ರಾಜಕೀಯದ ದೊಡ್ಡ ಮಾತು ಮನೆಯ ಊಟದೆಲೆಯ ಮೇಲೆ ಬಿದ್ದಾಗ ಎಷ್ಟು ಪೊಳ್ಳಾಗಿ ಕೇಳಿಸುತ್ತದೆಂಬುದೇ ಅದರ ಹಾಸ್ಯ.

ಇದೇ ಕಾಲಕ್ಕೆ ಕೊಚ್ಚಿಯ ಕಲಾಭವನದಿಂದ ಇನ್ನೊಂದು ತೊರೆ ಹರಿದುಬಂದಿತು. ಫಾದರ್ ಅಬೇಲ್ ಅವರು 1969ರಲ್ಲಿ ಆರಂಭಿಸಿದ ಈ ಸಂಸ್ಥೆಯ ತರುಣರು 1981ರಲ್ಲಿ ‘ಮಿಮಿಕ್ಸ್ ಪರೇಡ್’ ಎಂಬ ಅನುಕರಣ ಕಾರ್ಯಕ್ರಮವನ್ನು ವೇದಿಕೆಗೆ ತಂದರು. ಆ ತಂಡದ ಸಿದ್ದಿಕ್ ಮತ್ತು ಲಾಲ್ 1989ರಲ್ಲಿ ‘ರಾಮ್‌ಜಿ ರಾವ್ ಸ್ಪೀಕಿಂಗ್’ ನಿರ್ದೇಶಿಸಿದರು. ಅನುಕರಣೆಯ ಕಲೆಗೆ ಕಿವಿ ಬಹಳ ಸೂಕ್ಷ್ಮವಾಗಿರಬೇಕು. ತ್ರಿಶ್ಶೂರಿನವನ ಎಳೆತ, ತಿರುವನಂತಪುರದವನ ಒತ್ತು, ಕೋಳಿಕ್ಕೋಡಿನವನ ಕಡಿತ, ಇವೆಲ್ಲವನ್ನೂ ಈ ಕಲಾವಿದರು ಹೆಕ್ಕಿ ತಂದರು. ಆದರೆ ಅನುಕರಣೆಯು ಬೇಗ ಅಪಹಾಸ್ಯವಾಗಬಲ್ಲುದು. ಮುಂದಿನ ವರ್ಷಗಳ ಎಷ್ಟೋ ಚಿತ್ರಗಳಲ್ಲಿ ಕಪ್ಪು ಮೈಬಣ್ಣ, ದಪ್ಪ ಮೈ, ಉಗ್ಗುವ ನಾಲಗೆ, ಹಳ್ಳಿಯ ಉಚ್ಚಾರ, ಬಾಯಿಬಡುಕಿ ಹೆಂಡತಿ, ಅವಳಿಗೊಂದು ಏಟು ಇವೇ ಹಾಸ್ಯದ ಸಾಮಗ್ರಿಯಾದುವು.

ಈ ಮಾತನ್ನು ಹೇಳುವಾಗ ನನ್ನ ಒಂದು ಸ್ವಂತ ಅನುಭವ ನೆನಪಾಗುತ್ತದೆ. ನಾನು ಓದಲೆಂದು ಬೆಂಗಳೂರಿಗೆ ಹೋದ ವರ್ಷ, ಕಾಲೇಜಿನಲ್ಲಿ ಏನು ಮಾತಾಡಿದರೂ ಸಹಪಾಠಿಗಳು ನಗುತ್ತಿದ್ದರು. ತುಳು ಮನೆಯಲ್ಲಿ ಹುಟ್ಟಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮವರು ‘ಬರುತ್ತೇನೆ’, ‘ಹೋಗುವುದು’ ಎಂದು ಪೂರ್ತಿಯಾಗಿ ಉಚ್ಚರಿಸುತ್ತೇವೆ; ನಡುವೆ ‘ಎಂತ’, ‘ಮಾರಾಯ’ ಸೇರಿಕೊಳ್ಳುತ್ತವೆ. ನನ್ನ ಮಾತಿನಲ್ಲಿ ಹಾಸ್ಯವಿದ್ದಾಗಲೂ ಇಲ್ಲದಾಗಲೂ ಅವರು ಒಂದೇ ಸಮನೆ ನಗುತ್ತಿದ್ದರು. ವಾರ್ಷಿಕೋತ್ಸವದ ನಾಟಕದಲ್ಲಿ ನನ್ನ ಬಾಯಿ ತೆರೆಸಿ ನೋಡಿದೊಡನೆ ಅಡುಗೆ ಭಟ್ಟನ ಪಾತ್ರವನ್ನು ಕೊಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ನನಗೂ ಹಿಗ್ಗೇ ಆಯಿತು. ಎಷ್ಟೋ ತಿಂಗಳ ಮೇಲೆ, ತಂದೆಯವರು ತೀರಿಕೊಂಡ ಸುದ್ದಿ ಬಂದಾಗ, ನಾನು ಕೋಣೆಯ ಗೆಳೆಯನಿಗೆ ಹೇಳಿದ ಮೊದಲ ವಾಕ್ಯಕ್ಕೆ ಅವನ ತುಟಿ ಅಭ್ಯಾಸಬಲದಿಂದ ನಗೆಗೆ ಅರಳಿ, ಮರುಕ್ಷಣ ಮುದುಡಿತು. ಅವನು ಒಳ್ಳೆಯವನು, ಬಹಳ ನೊಂದುಕೊಂಡ. ತಪ್ಪು ಅವನದಾಗಿರಲಿಲ್ಲ. ಆ ಮಾತಿನಲ್ಲಿ ಯಾರಾದರೂ ಅಳುವುದನ್ನು ಅವನು ಅದುವರೆಗೆ ಕೇಳಿಯೇ ಇರಲಿಲ್ಲ.

ಆದುದರಿಂದಲೇ ಈಚಿನ ಮಲಯಾಳ ಹಾಸ್ಯಚಿತ್ರಗಳು ನನಗೆ ಬರಿಯ ಮನರಂಜನೆಯಾಗಿ ಕಾಣುವುದಿಲ್ಲ. ಸುಮಾರು ಹತ್ತು ವರ್ಷಗಳಿಂದ ಅಲ್ಲಿ ಆಗಿರುವುದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಸಂಸ್ಕೃತ ನುಡಿಯುವ ನಾಯಕನು ರಂಗದಿಂದ ಇಳಿದುಹೋಗಿದ್ದಾನೆ; ಎಲ್ಲರೂ ಪ್ರಾಕೃತವನ್ನೇ ಆಡುತ್ತಿದ್ದಾರೆ. ನಗಿಸುವುದಕ್ಕೆಂದೇ ಇರುವ ಪಾತ್ರವೊಂದು ಬೇಕಿಲ್ಲವಾಗಿದೆ. ತಾವು ನಗೆಪಾಟಲಾಗಿದ್ದೇವೆಂಬುದು ಅಲ್ಲಿನ ಯಾರಿಗೂ ತಿಳಿಯದು. ಪ್ರತಿಯೊಬ್ಬರೂ ತಮ್ಮ ಮಾನವನ್ನು ಕಾಯ್ದುಕೊಳ್ಳಲು ಗಂಭೀರವಾಗಿ ಹೆಣಗುತ್ತಿರುತ್ತಾರೆ. ವಿದೂಷಕನ ಆ ನಾಲ್ಕು ಪುರುಷಾರ್ಥಗಳು ಇಲ್ಲಿಯೂ ಇವೆ. ಆದರೆ ಅವನ್ನು ವಿವರಿಸಲು ವಿದೂಷಕನಿಲ್ಲ. ಊರೇ ಅವುಗಳನ್ನು ಬದುಕಿ ತೋರಿಸುತ್ತದೆ.

ಮೊದಲು ವಂಚನೆಯನ್ನು ತೆಗೆದುಕೊಳ್ಳೋಣ. ದಿಲೀಶ್ ಪೋತ್ತನ್ ನಿರ್ದೇಶಿಸಿದ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ 2017ರಲ್ಲಿ ಬಂದಿತು. ಜಾತಿ ಮೀರಿ ಮದುವೆಯಾದ ದಂಪತಿಗಳು ಊರು ಬಿಟ್ಟು ಕಾಸರಗೋಡಿಗೆ ಬಂದಿದ್ದಾರೆ. ಬಸ್ಸಿನಲ್ಲಿ ಕಳ್ಳನೊಬ್ಬ ಹೆಂಡತಿಯ ತಾಳಿಸರವನ್ನು ಎಗರಿಸಿ ನುಂಗಿಬಿಡುತ್ತಾನೆ. ಪೊಲೀಸರು ಹೆಸರು ಕೇಳಿದರೆ ಅವನು ಹೇಳುವುದು ಪ್ರಸಾದ್ ಎಂದು. ಗಂಡನ ಹೆಸರೂ ಅದೇ. ಮುಂದೆ ಇಡೀ ಠಾಣೆ ಕಳ್ಳನ ಹೊಟ್ಟೆಯಿಂದ ಸರ ಹೊರಬರುವುದನ್ನು ಕಾಯುತ್ತ, ಅವನಿಗೆ ಬಾಳೆಹಣ್ಣು ತಿನ್ನಿಸುತ್ತ ಕೂರಬೇಕಾಗುತ್ತದೆ. ಪೊಲೀಸರ ಪಾತ್ರಗಳಲ್ಲಿ ಹಲವರು ನಿಜವಾದ ಪೊಲೀಸರೇ. ಅವರಿಗೆ ನಟನೆಯ ಅಭ್ಯಾಸವಿಲ್ಲ, ಕಾಗದಪತ್ರ ಬರೆಯುವ ಅಭ್ಯಾಸವಿದೆ. ರಾಜ್ಯಶಕ್ತಿಯು ಒಬ್ಬ ಮನುಷ್ಯನ ಮಲವಿಸರ್ಜನೆಗಾಗಿ ನಿಯಮಾನುಸಾರ ಕಾಯುವ ದೃಶ್ಯವನ್ನು ಯಾರೂ ತಮಾಷೆಯೆಂದು ಆಡುವುದಿಲ್ಲ. ಆದುದರಿಂದಲೇ ನಗು ತಡೆಯಲಾಗುವುದಿಲ್ಲ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಇದೇ ಅತ್ಯುತ್ತಮ ಮಲಯಾಳ ಚಿತ್ರವೆನಿಸಿತು.

ರಾಜಸೇವೆಗೆ, ನನ್ನ ಅಕ್ಕ ನೋಡುತ್ತಿದ್ದ ಚಿತ್ರಕ್ಕಿಂತ ಬೇರೆ ಉದಾಹರಣೆ ಬೇಡ. ರತೀಶ್ ಬಾಲಕೃಷ್ಣನ್ ಪೊದುವಾಳ್ ನಿರ್ದೇಶಿಸಿದ ‘ನ್ನಾ ತಾನ್ ಕೇಸ್ ಕೊಡ್’ ಎಂದರೆ ‘ಹಾಗಾದರೆ ಕೇಸು ಹಾಕು’ ಎಂದರ್ಥ. ಕಳ್ಳತನ ಬಿಟ್ಟು ನೆಟ್ಟಗೆ ಬದುಕುತ್ತಿರುವ ರಾಜೀವನೆಂಬವನು ರಸ್ತೆಯಲ್ಲಿ ಹೋಗುತ್ತಿರುವಾಗ ವಾಹನವೊಂದು ಅವನ ಮೇಲೆ ಬರುತ್ತದೆ. ಅವನು ತಪ್ಪಿಸಿಕೊಳ್ಳಲು ಶಾಸಕರ ಮನೆಯ ಗೋಡೆ ಹಾರುತ್ತಾನೆ, ನಾಯಿಗಳು ಕಚ್ಚುತ್ತವೆ. ಹಳೆಯ ಕಳ್ಳನಾದುದರಿಂದ ಕದಿಯಲು ಬಂದನೆಂದು ಮೊಕದ್ದಮೆ. ಅವನು ತಾನೇ ವಾದಿಸುತ್ತಾನೆ. ನಾಯಿ ಕಚ್ಚಿದ್ದೇಕೆ? ಗೋಡೆ ಹಾರಿದ್ದರಿಂದ. ಹಾರಿದ್ದೇಕೆ? ವಾಹನ ಬಂದುದರಿಂದ. ವಾಹನ ತಿರುಗಿದ್ದೇಕೆ? ರಸ್ತೆಯಲ್ಲಿ ಗುಂಡಿ ಇದ್ದುದರಿಂದ. ಹೀಗೆ ನ್ಯಾಯಶಾಸ್ತ್ರದ ಕಾರ್ಯಕಾರಣ ಸರಪಳಿಯನ್ನು ಹಿಡಿದು ಅವನು ಲೋಕೋಪಯೋಗಿ ಮಂತ್ರಿಯನ್ನೇ ಕಟಕಟೆಗೆ ಎಳೆಯುತ್ತಾನೆ. ವಕೀಲರ ಪಾತ್ರದಲ್ಲಿ ಕಾಞಂಗಾಡಿನ ನಿಜವಾದ ವಕೀಲರೊಬ್ಬರೂ ಇದ್ದಾರೆ. ಚಿತ್ರಮಂದಿರಕ್ಕೆ ಬರುವ ದಾರಿಯಲ್ಲಿ ಗುಂಡಿಗಳಿವೆ, ಆದರೂ ಬನ್ನಿ ಎಂಬ ಅರ್ಥದ ಜಾಹೀರಾತು ಹೊರಟಾಗ ಅದೇ ಒಂದು ರಾಜಕೀಯ ವಿವಾದವಾಯಿತು. ವಿದೂಷಕನ ಮಾತು ಸಭೆಗೆ ತಾಕಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕುಞಿಕೃಷ್ಣನ್ ಅವರಿಗೆ ಆ ವರ್ಷದ ಕೇರಳ ರಾಜ್ಯಪ್ರಶಸ್ತಿಯೂ ದೊರೆಯಿತು.

ಇನ್ನು ವಿನೋದ. ಹಳೆಯ ಹಾಸ್ಯಕ್ಕೆ ಹೆಂಡತಿಯ ಕೆನ್ನೆ ಒಂದು ಸುಲಭವಾದ ಮದ್ದಳೆಯಾಗಿತ್ತೆಂದು ಹೇಳಿದೆನಷ್ಟೆ. ವಿಪಿನ್ ದಾಸ್ ಅವರ ‘ಜಯ ಜಯ ಜಯ ಜಯ ಹೇ’, 2022ರ ಚಿತ್ರ, ಆ ಲೆಕ್ಕವನ್ನು ತೀರಿಸಿತು. ಕೋಳಿ ಸಾಕಣೆಯ ಯಜಮಾನ ರಾಜೇಶನಿಗೆ ಬೆಳಗಾದರೆ ಒತ್ತುಶ್ಯಾವಿಗೆ ಬೇಕು. ಸಿಟ್ಟು ಬಂದರೆ ಕೈ ಏಳುತ್ತದೆ. ಹೊಡೆದಾದ ಮೇಲೆ ಊಟಕ್ಕೆ ಕರೆದೊಯ್ದು ಸಮಾಧಾನ ಮಾಡುತ್ತಾನೆ. ಹೆಂಡತಿ ಜಯಾ ಮೊಬೈಲಿನಲ್ಲಿ ನೋಡಿ ಹೊಡೆದಾಟದ ವರಸೆ ಕಲಿತು, ಒಂದು ದಿನ ಅವನನ್ನು ಒದ್ದು ಗೋಡೆಗೆ ಹಾರಿಸುತ್ತಾಳೆ. ಚಿತ್ರಮಂದಿರದಲ್ಲಿ ಎದ್ದ ನಗುವಿನಲ್ಲಿ ಹೆಂಗಸರ ಧ್ವನಿ ಮೊದಲು ಕೇಳಿಸಿದುದನ್ನು ನಾನು ಗಮನಿಸಿದೆ. ಪಕ್ಕದಲ್ಲಿದ್ದ ಗಂಡಸರು ಒಂದು ಕ್ಷಣ ತಡೆದು, ಅತ್ತಿತ್ತ ನೋಡಿ, ಆಮೇಲೆ ನಕ್ಕರು.

ಕೊನೆಯದು ಅಶನ. ಅದಕ್ಕಾಗಿ ‘ತಿಂಗಳಾಳ್ಚ ನಿಶ್ಚಯಂ’, ಎಂದರೆ ‘ಸೋಮವಾರ ನಿಶ್ಚಿತಾರ್ಥ’, ಎಂಬ 2021ರ ಚಿತ್ರವನ್ನು ಹೇಳಬೇಕು. ಕುವೈತಿನಿಂದ ಹಿಂದಿರುಗಿದ ವಿಜಯನೆಂಬ ಗೃಹಸ್ಥನು ಎರಡನೆಯ ಮಗಳ ನಿಶ್ಚಿತಾರ್ಥವನ್ನು ಗೊತ್ತುಮಾಡಿದ್ದಾನೆ. ಮಗಳ ಮನಸ್ಸು ಬೇರೆಡೆ ಇದೆ. ಚಪ್ಪರ, ಅಡುಗೆ, ಸಾಲ, ನೆಂಟರು, ಹಿರಿಯ ಮಗಳು ತಾನೇ ಆರಿಸಿಕೊಂಡ ಗಂಡ, ಇವುಗಳ ನಡುವೆ ಕಥೆ ಎರಡು ದಿನಗಳಲ್ಲಿ ನಡೆದುಹೋಗುತ್ತದೆ. ಪಡುವಣ ಕರಾವಳಿಯ ಯಾವ ಮನೆಯಲ್ಲಾದರೂ ಸಮಾರಂಭದ ಹಿಂದಿನ ದಿನ ನಡೆಯುವುದೇ ಇಲ್ಲಿ ನಡೆಯುತ್ತದೆ. ಮನೆಯ ಯಜಮಾನನ ಕೂಗಾಟಕ್ಕೆ ಯಾರೂ ಎದುರಾಡುವುದಿಲ್ಲ. ಯಾರೂ ಅವನ ಮಾತನ್ನು ಕೇಳುವುದೂ ಇಲ್ಲ. ಈ ಚಿತ್ರ ರಾಷ್ಟ್ರಪ್ರಶಸ್ತಿಯನ್ನೂ ಕೇರಳದ ರಾಜ್ಯಪ್ರಶಸ್ತಿಯನ್ನೂ ಪಡೆಯಿತು.

ಈ ಚಿತ್ರದ ವಿಷಯದಲ್ಲಿ ನಾವು ತುಸು ನಿಲ್ಲಬೇಕು. ಇದರ ನಿರ್ದೇಶಕ ಸೆನ್ನಾ ಹೆಗ್ಡೆ ಕಾಞಂಗಾಡಿನವರು. ಇದಕ್ಕೆ ಮುನ್ನ 2018ರಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂಬ ಕನ್ನಡ ಚಿತ್ರವನ್ನು ಮಾಡಿದವರು. ಕಾಞಂಗಾಡನ್ನು ನಮ್ಮವರು ಹೊಸದುರ್ಗವೆನ್ನುತ್ತಿದ್ದರು. ಅಲ್ಲಿನ ಕೋಟೆ ಕೆಳದಿಯ ನಾಯಕರದು. ಆ ಸೀಮೆಯೆಲ್ಲ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಾಗಿತ್ತು. ಚಂದ್ರಗಿರಿ ನದಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ನಡೆಯಲಿಲ್ಲ. ಈ ಇತಿಹಾಸವನ್ನು ನಾವು ನೋವಿನಿಂದಲೇ ನೆನೆಯುತ್ತ ಬಂದಿದ್ದೇವೆ. ಆದರೆ ಇನ್ನೊಂದು ಸಂಗತಿಯೂ ಇದೆ. ಕೇರಳದ ಪಾಲಿಗೂ ಕಾಸರಗೋಡು ಒಂದು ಅಂಚು. ಮಲಯಾಳ ಚಿತ್ರಗಳಲ್ಲಿ ಬಹುಕಾಲ ಶಿಷ್ಟವೆನಿಸಿದ್ದು ವಳ್ಳುವನಾಡಿನ ಮಾತು. ಕನ್ನಡ, ತುಳುಗಳ ಸೋಂಕಿರುವ ಕಾಸರಗೋಡಿನ ಮಲಯಾಳವನ್ನು ತೆಂಕಣವರು ಅರ್ಥವಾಗದ್ದೆಂದು ಗೇಲಿ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ನನಗಾದುದು ತಿರುವನಂತಪುರದಲ್ಲಿ ಕಾಞಂಗಾಡಿನ ಹುಡುಗನಿಗೆ ಆಗಿರಲಾರದೇ? ಈಗ ಅದೇ ಮಾತಿನಲ್ಲಿ ತಂದೆ ಗದರುತ್ತಾನೆ, ಮಗಳು ಅಳುತ್ತಾಳೆ, ಪ್ರೇಮಿ ಬೇಡುತ್ತಾನೆ, ನ್ಯಾಯಾಧೀಶನು ತೀರ್ಪು ಕೊಡುತ್ತಾನೆ. ಆ ಮಾತು ಬಂದೊಡನೆ ಯಾರೂ ನಗುವುದಿಲ್ಲ. ಸಂದರ್ಭ ಬಂದಾಗ ನಗುತ್ತಾರೆ.

ನಗೆಯ ವ್ಯಾಪಾರಕ್ಕೆ ಈಗ ಗಡಿಯೂ ಅಡ್ಡವಿಲ್ಲ. ಜಿತು ಮಾಧವನ್ ಅವರ ‘ರೋಮಾಂಚಂ’ 2023ರಲ್ಲಿ ಬಂದಿತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಮಲಯಾಳಿ ಬ್ರಹ್ಮಚಾರಿಗಳು ಕೇರಂ ಹಲಗೆಯ ಮೇಲೆ ಪ್ರೇತವನ್ನು ಕರೆದು ಪೇಚಿಗೆ ಸಿಲುಕುವ ಕ���ೆ. ಅವರದೇ ‘ಆವೇಶಂ’ 2024ರಲ್ಲಿ ಬಂದಾಗ, ಬೆಂಗಳೂರಿನ ರಂಗನೆಂಬ ರೌಡಿ ಕನ್ನಡ ಬೆರೆತ ಮಲಯಾಳದಲ್ಲಿ ಅಬ್ಬರಿಸಿದನು. ನಮ್ಮ ಕಡೆಯಿಂದಲೂ ಕೊಡುಗೆ ಸಂದಿದೆ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’, ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕನ ಪಾಡು, 2017ರದು. ಅದೇ 2019ರಲ್ಲಿ ಮಲಯಾಳದ ‘ತಮಾಶ’ ಆಯಿತು. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯೊಂದನ್ನು ಮುಚ್ಚುವ ವಿಷಯವನ್ನೇ ಮಕ್ಕಳ ನಗೆಯಲ್ಲಿ ಹೇಳಿತು. ಸಭೆ ನಡೆಸಿ, ಮನವಿ ಸಲ್ಲಿಸಿ ಹೇಳಿ ದಣಿದ ವಿಷಯ ಅದು. ನಗಿಸುತ್ತ ಹೇಳಿದಾಗ ರಾಜ್ಯದ ಉದ್ದಗಲಕ್ಕೂ ಕೇಳಿಸಿತು.

ಇನ್ನು ತುಳು ರಂಗಭೂಮಿಯ ಮಾತು. ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ 1971ರಲ್ಲಿ ಬಂದಿತಾದರೂ, ಹಾಸ್ಯಚಿತ್ರಗಳ ಸುಗ್ಗಿ ತೊಡಗಿದ್ದು 2011ರ ‘ಒರಿಯರ್ದೊರಿ ಅಸಲ್’ ಚಿತ್ರದಿಂದ. ಅದು ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕದ ರೂಪಾಂತರ. 2014ರ ‘ಚಾಲಿಪೋಲಿಲು’ ವರ್ಷಕ್ಕೂ ಮಿಕ್ಕಿ ಓಡಿತು. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರರು ನಮ್ಮ ಜಿಲ್ಲೆಗಳ ಮನೆಮನೆಗೂ ಪರಿಚಿತರು. ಈ ಚಿತ್ರಗಳಲ್ಲಿ ಮನೆಮಾತು ಇತ್ತು. ಆದರೆ ಹಲವು ಚಿತ್ರಗಳಲ್ಲಿ ಹಾಸ್ಯಗಾರರ ಸಾಲು ಹಾಗೆಯೇ ಉಳಿದು, ಕಥೆಯು ಚಟಾಕಿಗಳಿಗೆ ದಾರಿ ಬಿಟ್ಟು ಬದಿಗೆ ನಿಂತಿತೆಂದು ನನಗನಿಸುತ್ತದೆ. ಮುಂದಿನ ಹೆಜ್ಜೆಯನ್ನು ಇಟ್ಟವರು ಆ ನಾಟಕಗಳ ನೀರು ಕುಡಿದ ಜೆ. ಪಿ. ತೂಮಿನಾಡು ಅವರೇ. ತೂಮಿನಾಡು ಎಂದರೆ ಮಂಜೇಶ್ವರದ ಬಳಿಯ ಊರು. ಅದೂ ಗಡಿಯ ಆಚೆ, ಕಾಸರಗೋಡು ಜಿಲ್ಲೆಯಲ್ಲಿ. ಅವರು ನಿರ್ದೇಶಿಸಿದ ‘ಸು ಫ್ರಮ್ ಸೋ’ 2025ರ ಜುಲೈಯಲ್ಲಿ ಬಿಡುಗಡೆಯಾಗಿ ಕನ್ನಡನಾಡಿನಲ್ಲೆಲ್ಲ ತುಂಬಿದ ಚಿತ್ರಮಂದಿರಗಳನ್ನು ಕಂಡಿತು. ಮಲಯಾಳಕ್ಕೂ ಧ್ವನಿ ಬದಲಾಗಿ ಹೋಯಿತು. ತನ್ನ ತಪ್ಪು ಮುಚ್ಚಲು ಹುಡುಗನೊಬ್ಬ ಮೈಮೇಲೆ ಪ್ರೇತ ಬಂದಂತೆ ನಟಿಸುತ್ತಾನೆ. ಊರು ಅದನ್ನು ನಂಬಿ ಸೋಮೇಶ್ವರದ ಸುಲೋಚನೆ ಎಂಬ ಹೆಸರನ್ನೂ ಕೊಡುತ್ತದೆ. ಊರವರ ಗಂಭೀರ ಸಮಾಲೋಚನೆಗಳೇ ಅಲ್ಲಿ ಹಾಸ್ಯ. ಬಳಿಕ ಆ ಸತ್ತ ಹೆಂಗಸಿನ ಮಗಳು ಎದುರಿಗೆ ಬಂದು ನಿಲ್ಲುತ್ತಾಳೆ.

ನನ್ನ ಮಾತಿಗೆ ಅಪವಾದಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಮೈಬಣ್ಣವನ್ನು ಹಂಗಿಸುವ ಹಾಸ್ಯ ಕೇರಳದಲ್ಲಿಯೂ ಇಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಮನೆಮಾತು ಮಾರುಕಟ್ಟೆಯಲ್ಲಿ ಬೆಲೆಯುಳ್ಳದ್ದೆಂದು ತಿಳಿದೊಡನೆ, ಅದನ್ನು ಬರಿಯ ಒಗ್ಗರಣೆಯಾಗಿ ಬಳಸುವವರೂ ಬರುತ್ತಾರೆ, ಬಂದಿದ್ದಾರೆ ಕೂಡ. ವಿದೂಷಕನೊಬ್ಬನೇ ಆಗಿದ್ದಾಗ ಅವನಿಗಿದ್ದ ಅಭಯವು, ಎಲ್ಲರೂ ವಿದೂಷಕರಾದಾಗ ಯಾರಿಗೂ ಇಲ್ಲದೆ ಹೋಗಬಹುದೆಂಬ ಅಂಜಿಕೆಯೂ ನನಗಿದೆ. ಚಾಕ್ಯಾರನಿಗೆ ಎದುರಾಡಬಾರದೆಂಬ ಕಟ್ಟಳೆ ಇತ್ತು. ಇಂದಿನ ಚಿತ್ರಕ್ಕೆ ಅಂಥ ಕಟ್ಟಳೆಯ ರಕ್ಷೆ ಇಲ್ಲ. ನೋಡುವವರ ಉದಾರತೆಯೇ ಅದಕ್ಕೆ ರಕ್ಷೆ.

ಮೊನ್ನೆ ಮತ್ತೆ ಶಂಕರಪುರಕ್ಕೆ ಹೋದಾಗ ಅದೇ ಚಾವಡಿಯಲ್ಲಿ ‘ಸು ಫ್ರಮ್ ಸೋ’ ನಡೆಯುತ್ತಿತ್ತು. ಈ ಬಾರಿ ಭಾಷೆಯ ತೊಡಕಿರಲಿಲ್ಲ. ಅಕ್ಕ ಮೊದಲಿನಿಂದಲೂ ನಗುತ್ತಲೇ ಇದ್ದಳು. ನಗುತ್ತ ಕಟ್ಟುವುದರಲ್ಲಿ ಒಂದು ಮೊಗ್ಗೂ ತಪ್ಪುತ್ತಿರಲಿಲ್ಲ. ಮಗಳು ತಾಯಿಯ ಹೆಸರು ಕೇಳಿ ನಿಂತ ದೃಶ್ಯ ಬಂದಾಗ ಚಾವಡಿ ಸ್ತಬ್ಧವಾಯಿತು. ಅಕ್ಕನ ಕೈಯಲ್ಲಿ ಬಾಳೆನಾರು ಹಾಗೆಯೇ ನಿಂತುಬಿಟ್ಟಿತು. ನಾನು ಅವಳ ಮುಖವನ್ನು ನೋಡದೆ ಪರದೆಯನ್ನೇ ನೋಡಿದೆ. ಆ ಹುಡುಗಿ ನಮ್ಮ ಮಾತಿನಲ್ಲಿಯೇ ಅಳುತ್ತಿದ್ದಳು, ಯಾರೂ ನಗಲಿಲ್ಲ.

(ರೇಡಿಯೋ ಭಾಷಣದ ಬರಹರೂಪ)